ಹಳದಿ ಪುಟಕ್ಕೆ ಇನ್ನೊಂದು ಜೊತೆ ಕಣ್ಣು

ಎಲ್ರಿಗೂ ನಮಸ್ಕಾರ. ನಾನು ಚಿಂತಾಮಣಿ ಕಡೆಯವನು. ಮುಕ್ತ ಜ್ಞಾನ, ಅಂದ್ರೆ ಯಾರು ಬೇಕಾದ್ರೂ ಓದಿ ಬಳಸ್ಕೊಳ್ಳೋ ಜ್ಞಾನ, ಅದ್ರ ಬಗ್ಗೆ ಮಾತಾಡಿ ಅಂತ ಕರ್ದಿದ್ದಾರೆ, ಹೆಸರು ದೊಡ್ಡದಾಗಿ ಕೇಳ್ಸುತ್ತೆ, ಆದ್ರೆ ನನ್ನ ಮಟ್ಟಿಗೆ ಇದೆಲ್ಲ ಶುರುವಾಗಿದ್ದು ಒಂದು ಕಲ್ಲಿಂದ.

ನಮ್ಮೂರ ಕೆರೆ ಏರಿ ಕೆಳಗೆ ಒಂದು ವೀರಗಲ್ಲಿದೆ. ನಾವು ಚಿಕ್ಕೋರಿದ್ದಾಗ ಅದ್ರ ಪಕ್ಕದಲ್ಲೇ ಬಟ್ಟೆ ಒಗೀತಿದ್ರು, ಸಂಕ್ರಾಂತಿ ಬಂತು ಅಂದ್ರೆ ಅದಕ್ಕೂ ಸುಣ್ಣ ಬಳ್ದು ಕುಂಕುಮ ಇಡ್ತಿದ್ರು. ಮೇಲ್ಗಡೆ ಅಕ್ಷರ ಇದೆ ಅಂತ ಎಲ್ರಿಗೂ ಗೊತ್ತು, ಏನು ಬರ್ದಿದೆ ಅಂತ ಯಾರಿಗೂ ಗೊತ್ತಿಲ್ಲ, ತಾತನ್ನ ಕೇಳಿದ್ರೆ ಹಳಗನ್ನಡ ಕಣಪ್ಪ ಅಂದ್ಬಿಟ್ಟು ಸುಮ್ನಾಗೋರು. ಎಷ್ಟೋ ವರ್ಷ ಆದ್ಮೇಲೆ ನಂಗೆ ಗೊತ್ತಾಗಿದ್ದೇನಂದ್ರೆ, ಬಿ. ಎಲ್. ರೈಸ್ ಅವರು ಮೈಸೂರು ಸೀಮೆ ಶಾಸನಗಳನ್ನೆಲ್ಲ ಓದಿಸಿ ಅಚ್ಚು ಹಾಕ್ಸಿದ್ರಲ್ಲ, ಎಪಿಗ್ರಾಫಿಯಾ ಕರ್ನಾಟಿಕಾ ಅಂತ, ಅದ್ರ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೇದೇ, 1905ರಲ್ಲಿ ಬಂದಿದ್ದು, ಆಗ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿರ್ಲಿಲ್ಲ, ಆಗಿದ್ದು 2007ರಲ್ಲಿ, ಹಂಗಾಗಿ ನಮ್ಮ ಚಿಂತಾಮಣಿ ತಾಲ್ಲೂಕಿನ ಶಾಸನಗಳೂ ಅದ್ರಲ್ಲೇ ಇದಾವೆ. ಅಲ್ಲಿದೆ ನಮ್ಮ ಕಲ್ಲು. ಊರಿನ ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಹೋರಾಡಿ ಸತ್ತೋನ ಕಲ್ಲದು. ನೂರು ವರ್ಷದ ಮೇಲಿಂದ ಅವನ ಹೆಸರು ಅಚ್ಚಾಗಿ ಲೈಬ್ರರಿ ಬೀರುಗಳಲ್ಲಿ ಕೂತಿದೆ, ಆ ಕೆರೆ ಏರಿ ಮೇಲೆ ದಿನಾ ಓಡಾಡೋ ನಮಗೆ ಗೊತ್ತಿಲ್ಲ! ಅವತ್ತು ನಂಗೆ ನಿದ್ದೆ ಬರ್ಲಿಲ್ಲ, ನಿಜವಾಗ್ಲೂ.

ಅಲ್ಲಿಂದ ನಮ್ಮ ಬಳಗ ಶುರುವಾಯ್ತು. ನಾವು ಕೆಲಸ ಮಾಡೋದು ಕನ್ನಡ ವಿಕಿಪೀಡಿಯ, ಹಕ್ಕಿನ ತೊಡಕಿಲ್ಲದ ಪುಸ್ತಕಗಳನ್ನ ಎಲ್ರೂ ಓದೋ ಹಂಗೆ ಇಡೋ ವಿಕಿಸೋರ್ಸ್, ಆಮೇಲೆ ಫೋಟೋಗಳಿಗೆ ಕಾಮನ್ಸ್, ಈ ಮೂರರಲ್ಲಿ. ಇವನ್ನ ನಡೆಸೋದು ವಿಕಿಮೀಡಿಯ ಫೌಂಡೇಶನ್ ಅಂತ ಲಾಭಕ್ಕಲ್ಲದ ಸಂಸ್ಥೆ, 2003ರಲ್ಲಿ ಶುರುವಾಗಿದ್ದು, ಕನ್ನಡ ವಿಕಿಪೀಡಿಯಾನೂ ಅದೇ ವರ್ಷ ಹುಟ್ಟಿದ್ದು, ಜಾಹೀರಾತಿಲ್ಲ, ಜನ ಕೊಡೋ ದೇಣಿಗೆಯಿಂದ ನಡಿಯುತ್ತೆ, ಬರೆಯೋರಿಗೆ ಸಂಬಳ ಇಲ್ಲ.

ಮೊದ್ಲು ಆ ಕಲ್ಲಿನ ಫೋಟೋ ತೆಗೆಯೋಕೆ ಹೋದ್ವಿ. ಮಧ್ಯಾಹ್ನ ಹೋದ್ರೆ ಒಂದಕ್ಷರ ಕಾಣಲ್ಲ, ಬರೀ ಬಿಳೀ ಕಲ್ಲು. ಸಂಜೆ ಐದೂವರೆಗೆ ಬಿಸ್ಲು ಓರೆಯಾಗಿ ಬೀಳ್ವಾಗ ನಿಂತ್ಕೊಂಡು ನೋಡಿ, ಅಕ್ಷರಗಳ ಗುಳಿಯಲ್ಲಿ ನೆರಳು ತುಂಬ್ಕೊಂಡು ಸಾಲು ಸಾಲಾಗಿ ಎದ್ದು ಬರ್ತಾವೆ. ಬಿಸ್ಲು ಸಾಲ್ದೇ ಹೋದ್ರೆ ಒಬ್ರು ಪಕ್ಕದಿಂದ ಟಾರ್ಚ್ ಹಿಡೀಬೇಕು. ದಯವಿಟ್ಟು ಚಾಕ್‌ಪೀಸಲ್ಲಿ ತಿದ್ದೋಕೆ ಹೋಗ್ಬೇಡಿ, ಒಂದ್ಸಲ ತಪ್ಪು ತಿದ್ದಿದ್ರೆ ಆಮೇಲೆ ಬಂದೋರೆಲ್ಲ ಅದನ್ನೇ ಓದ್ತಾರೆ.

ಕಲ್ಲಿಗೆ ಯಾರ ಪರ್ಮಿಶನ್ನೂ ಬೇಕಾಗಿರ್ಲಿಲ್ಲ, ರೈಸ್ ತೀರ್ಕೊಂಡಿದ್ದು 1927ರಲ್ಲಿ, ಪುಸ್ತಕದ ಹಕ್ಕು ಯಾವತ್ತೋ ಮುಗ್ದಿದೆ. ಕಷ್ಟ ಇರೋದು ಹಕ್ಕು ಇನ್ನೂ ಇರೋ ಪುಸ್ತಕಗಳಲ್ಲಿ. ನಮ್ಮ ದೇಶದ ಕಾನೂನಲ್ಲಿ ಲೇಖಕರು ತೀರ್ಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕಾಪಿರೈಟ್ ಇರುತ್ತೆ, ಮೊದ್ಲು 50 ಇತ್ತು, ಟಾಗೋರರ ಕೃತಿಗಳ ಹಕ್ಕು ಮುಗಿಯೋ ಹೊತ್ತಿಗೆ 10 ವರ್ಷ ಜಾಸ್ತಿ ಮಾಡಿದ್ರು. ನಮ್ಮ ಕಡೆಯವರದ್ದೇ ಲೆಕ್ಕ ನೋಡಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹೋಗಿದ್ದು 1962ರಲ್ಲಿ, ಅವರು ಬದುಕಿದ್ದಾಗ ಅಚ್ಚಾದ ಬರಹಗಳೆಲ್ಲ 2023ರ ಜನವರಿ 1ರಿಂದ ಎಲ್ರಿಗೂ ಸೇರಿದ್ದು, ನೀವು ಇವತ್ತೇ ಕನ್ನಡಕ್ಕೆ ಅನುವಾದ ಮಾಡಿ ಅಚ್ಚು ಹಾಕ್ಸಿದ್ರೂ ಯಾರೂ ಕೇಳಂಗಿಲ್ಲ. ಮುಳಬಾಗಿಲಿನ ಡಿವಿಜಿಯವರು 1975, ಅಂದ್ರೆ 2036ರವರೆಗೆ ಕಾಯ್ಬೇಕು. ಮಾಲೂರು ತಾಲ್ಲೂಕಿನ ಮಾಸ್ತಿಯವರು 1986, 2047ಕ್ಕೆ ನಾನು ಇರ್ತೀನೋ ಇಲ್ವೋ. ಈ ದೊಡ್ಡೋರ ಪುಸ್ತಕ ಹೆಂಗೋ ಮರುಮುದ್ರಣ ಆಗ್ತವೆ ಬಿಡಿ, ನಂಗೆ ಹೊಟ್ಟೆ ಉರಿಯೋದು ಊರೂರಲ್ಲಿ ಮೇಷ್ಟ್ರುಗಳು ಸ್ವಂತ ದುಡ್ಡಲ್ಲಿ ಅಚ್ಚು ಹಾಕ್ಸಿದ್ದ ಪುಸ್ತಕಗಳ ಬಗ್ಗೆ. 60 ವರ್ಷ ಅವು ಕಾಯಲ್ಲ, ಗೆದ್ದಲು ಬಿಡಲ್ಲ.

ಅಂಥದ್ದೊಂದು ಪುಸ್ತಕಕ್ಕೆ ನಾವು ಒಬ್ರ ಮನೆಗೆ ಮೂರು ಸಲ ಹೋದ್ವಿ. ತೀರ್ಕೊಂಡ ತಂದೆಯವರು ಆ ಕಡೆ ಕೆರೆ ಕುಂಟೆಗಳ ಹೆಸರು, ತೂಬಿನ ಲೆಕ್ಕ, ಯಾವ ಕೆರೆ ಕೋಡಿ ಹರಿದ್ರೆ ನೀರು ಯಾವ ಕೆರೆಗೆ ಸೇರುತ್ತೆ ಎಲ್ಲ ಬರ್ದಿದ್ರು, ಮೊಳೆ ಜೋಡ್ಸಿ ಅಚ್ಚು ಹಾಕ್ಸಿದ್ದು, ಉಳ್ದಿದ್ದು ಬೀರುವಲ್ಲಿ ನಾಲ್ಕು ಕಾಪಿ. ಮಗ ಮೊದಲ ಸಲ ಕೇಳಿದ್ದೇ ಇದು, "ಅಲ್ಲಾ ಅಣ್ಣ, ಹಕ್ಕು ಬರ್ಕೊಟ್ರೆ ನಾಳೆ ನಮ್ಮಪ್ಪನ ಹೆಸರೇ ತೆಗ್ದುಬಿಟ್ರೆ?" ನ್ಯಾಯವಾದ ಪ್ರಶ್ನೆ. ನಾನು ಹೇಳ್ದೆ, ಹಕ್ಕು ನಿಮ್ಮತ್ರನೇ ಇರುತ್ತಪ್ಪ, ಕ್ರಿಯೇಟಿವ್ ಕಾಮನ್ಸ್ ಅಂತ ಒಂದು ಲೈಸೆನ್ಸ್, ಯಾರು ಬಳಸಿದ್ರೂ ನಿಮ್ಮಪ್ಪನ ಹೆಸರು ಹಾಕ್ಲೇಬೇಕು, ಅವ್ರು ಅದ್ರ ಮೇಲೆ ಏನೇ ಮಾಡಿದ್ರೂ ಅದನ್ನೂ ಇದೇ ಷರತ್ತಲ್ಲಿ ಬಿಡ್ಬೇಕು. ಇನ್ನೊಂದು ಮಾತನ್ನೂ ಹೇಳ್ದೆ, ಅದನ್ನ ಮುಚ್ಚಿಡ್ಬಾರ್ದು ಅಂತ ನನ್ನ ಗಟ್ಟಿ ಅಭಿಪ್ರಾಯ: ಯಾರಾದ್ರೂ ಅದನ್ನ ಅಚ್ಚು ಹಾಕಿ ಮಾರ್ಕೊಂಡು ದುಡ್ಡು ಮಾಡಿದ್ರೆ ನೀವು ತಡೆಯೋಕಾಗಲ್ಲ, ಒಂದ್ಸಲ ಕೊಟ್ಮೇಲೆ ವಾಪಸ್ ತಗೊಳ್ಳೋಕೂ ಆಗಲ್ಲ. ನಮ್ಮಲ್ಲೇ ಒಬ್ರು ಅಷ್ಟೆಲ್ಲ ಯಾಕೆ ಹೇಳಕ್ಕೋದ್ರಿ, ಕೊಡೋರೂ ಕೊಡಲ್ಲ ಅಂತ ಬೇಜಾರು ಮಾಡ್ಕೊಂಡ್ರು. ಆದ್ರೆ ಮುಚ್ಚಿಟ್ಟು ಸಹಿ ಹಾಕ್ಸಿಕೊಂಡ್ರೆ ಅದು ಮೋಸ, ಆಮೇಲೆ ಆ ಊರಲ್ಲಿ ಇನ್ನೊಂದು ಮನೆ ಬಾಗಿಲು ತಟ್ಟೋ ಮುಖ ನಮಗಿರಲ್ಲ.

ಎರಡನೇ ಸಲ ಹೋದಾಗ ಕಾದಂಬರಿಕಾರ ನಿರಂಜನರ ಉದಾಹರಣೆ ಹೇಳ್ದೆ, ಅವರ ಮನೆಯವರು 2014ರಲ್ಲಿ 50ಕ್ಕೂ ಹೆಚ್ಚು ಪುಸ್ತಕಗಳನ್ನ ಇದೇ ಥರ ಬಿಟ್ರು, ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳೂ ಮುಕ್ತ ಆದ್ವು ಅಂತ. ಪಕ್ಕದ ತಮಿಳುನಾಡಲ್ಲಂತೂ ಸರ್ಕಾರನೇ ಲೇಖಕರ ಮನೆಯವ್ರಿಗೆ ದುಡ್ಡು ಕೊಟ್ಟು ಕೃತಿಗಳನ್ನ ನಾಡಿಗೆ ಸೇರಿಸ್ಕೊಳ್ಳೋ ಪದ್ಧತಿ ಇದೆ, ಕವಿ ಭಾರತಿಯಾರ್ ಅವರದ್ದು ಹಂಗೇ ಆಗಿದ್ದು. ಮಾಲೂರು ದಾಟಿದ್ರೆ ತಮಿಳುನಾಡು, ಅಲ್ಲಿ ಆಗೋದು ಇಲ್ಲಿ ಯಾಕಾಗಲ್ಲ ಅಂತ ನಾವು ಹೋದಲ್ಲೆಲ್ಲ ಕೇಳ್ತಾನೇ ಇದೀವಿ, ಕೇಳೋದು ಬಿಡಲ್ಲ.

ಮೂರನೇ ಸಲ ಅವರು ಒಪ್ಪಿದ್ರು. ಆದ್ರೆ ಹಕ್ಕು ಅವರೊಬ್ರದ್ದೇ ಅಲ್ಲ, ಇಬ್ರು ಅಕ್ಕಂದಿರದ್ದೂ ಇದೆ, ಒಬ್ರು ಬೆಂಗಳೂರು, ಇನ್ನೊಬ್ರನ್ನ ಮದನಪಲ್ಲಿಗೆ ಕೊಟ್ಟಿದ್ದಾರೆ. ಮದನಪಲ್ಲಿ ಅಕ್ಕ ಕಾಗದನ ಎರಡು ಸಲ ನಿಧಾನವಾಗಿ ಕನ್ನಡದಲ್ಲಿ ಓದ್ಬಿಟ್ಟು, ಸಹಿ ತೆಲುಗಲ್ಲಿ ಹಾಕಿದ್ರು. ಅಪ್ಪ ಬರ್ದಿದ್ದ ಕವನಗಳನ್ನ ಮಾತ್ರ ಸದ್ಯಕ್ಕೆ ಬೇಡ ಅಂದ್ರು. ಆಯ್ತಕ್ಕ ಅಂತ ಬಂದ್ವಿ.

ಇನ್ನು ಸಂಸ್ಥೆಗಳ ಜೊತೆ ಕೈ ಜೋಡಿಸೋದು. ಲೈಬ್ರರಿಯವ್ರು ಚೆನ್ನಾಗಿ ಸ್ಪಂದಿಸ್ತಾರೆ, ಪಂಚಾಯ್ತಿ ಲೈಬ್ರರಿಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸ್ರು, ಕಂಪ್ಯೂಟರ್ ಇರೋ ಕಡೆ ನಮಗೊಂದು ಟೇಬಲ್ ಬಿಟ್ಕೊಟ್ರೆ ಸಾಕು. ಕಾಲೇಜುಗಳ ವಿಷಯಕ್ಕೆ ಬಂದ್ರೆ ನಾವೇ ಒಂದು ತಪ್ಪು ಮಾಡಿದೀವಿ. ಒಂದು ಕಾಲೇಜಲ್ಲಿ ವಿಕಿಪೀಡಿಯ ಬರೆದ್ರೆ ಇಂಟರ್ನಲ್ ಮಾರ್ಕ್ಸ್ ಅಂತ ಮಾಡ್ಸಿದ್ವಿ, ಮಕ್ಕಳು ಪಾಪ ಗೈಡಿಂದ ಎತ್ತಿ ಹಾಕಿದ್ರು, ಒಂದು ವಾರದಲ್ಲಿ ಮುಕ್ಕಾಲು ಪಾಲು ಅಳಿಸಿ ಹೋಯ್ತು, ಆ ಮಕ್ಕಳು ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ. 2011ರಲ್ಲಿ ಪುಣೆ ಕಾಲೇಜುಗಳಲ್ಲಿ ಇದೇ ಥರ ದೊಡ್ಡ ಮಟ್ಟದಲ್ಲಿ ಆಗಿ ಆ ಕಾರ್ಯಕ್ರಮನೇ ನಿಲ್ಲಿಸ್ಬೇಕಾಗಿತ್ತು, ನಾವು ಅದನ್ನ ಮೊದ್ಲೇ ಓದ್ಕೊಂಡಿರ್ಬೇಕಿತ್ತು. ಈಗ ಮಾರ್ಕ್ಸ್ ಮಾತೇ ಎತ್ತಲ್ಲ, ಬರೋರು ಐದೇ ಜನ ಆದ್ರೂ ಪರ್ವಾಗಿಲ್ಲ.

ಯಾಕಂದ್ರೆ ಬಂದೋರನ್ನ ಉಳಿಸ್ಕೊಳ್ಳೋದೇ ಎಲ್ಲಕ್ಕಿಂತ ಕಷ್ಟ. ಬಂದ ತಕ್ಷಣ ಎಲ್ರಿಗೂ ಅವರೂರ ದೇವಸ್ಥಾನದ ಬಗ್ಗೆ ಬರೀಬೇಕು ಅನ್ಸುತ್ತೆ, ಬರೀತಾರೆ, ಆಧಾರ ಇಲ್ಲ ಅಂತ ಯಾರೋ ತೆಗ್ದುಹಾಕ್ತಾರೆ, ಮನಸು ಮುರಿಯುತ್ತೆ. ಅದಕ್ಕೇ ನಾವು ಹೊಸಬ್ರಿಗೆ ಮೊದ್ಲು ವಿಕಿಸೋರ್ಸಲ್ಲಿ ಪುಟ ತಿದ್ದೋ ಕೆಲಸ ಕೊಡ್ತೀವಿ. ಸ್ಕ್ಯಾನ್ ಮಾಡಿದ ಪುಟ ಒಂದು ಕಡೆ, ಕಂಪ್ಯೂಟರ್ ಓದಿದ ಅಕ್ಷರ ಇನ್ನೊಂದು ಕಡೆ, ಹಳೇ ಅಚ್ಚಲ್ಲಿ ಅದು ಪ-ವ ವ್ಯತ್ಯಾಸ ತಿಳಿಯದೆ ಓದ್ಬಿಡುತ್ತೆ, ಒತ್ತಕ್ಷರ ನುಂಗ್ಬಿಡುತ್ತೆ, ನೋಡಿ ಸರಿ ಮಾಡೋದು. ತಿದ್ದದೇ ಇರೋ ಪುಟ ಕೆಂಪು, ಒಬ್ರು ತಿದ್ದಿದ್ರೆ ಹಳದಿ, ಬೇರೆಯವರು ಇನ್ನೊಂದ್ಸಲ ಓದಿ ಒಪ್ಪಿದ್ರೆ ಹಸಿರು. ಒಬ್ರೇ ಎರಡೂ ಮಾಡಂಗಿಲ್ಲ.

ಶಿಡ್ಲಘಟ್ಟ ಕಡೆಯ ಒಬ್ಬ ಅಕ್ಕ ಇದಾರೆ, ಮನೇಲಿ ತೆಲುಗು ಮಾತು, ಓದಿದ್ದು ಕನ್ನಡ, ರೇಷ್ಮೆ ಹುಳ ಸಾಕ್ತಾರೆ. ಭಾನುವಾರ ಬನ್ನಿ ಅಂತ ಕರ್ದು ಕರ್ದು ಸಾಕಾಗಿ, ಅವ್ರಿಗೆ ಇಷ್ಟ ಇಲ್ಲ ಅಂತ ನಾವೇ ಅಂದ್ಕೊಂಡ್ಬಿಟ್ಟಿದ್ವಿ. ಒಂದಿನ ಫೋನ್ ಮಾಡಿದಾಗ ಅವರೇ ಹೇಳಿದ್ರು, "ಹುಳಕ್ಕೆ ಭಾನುವಾರ ಗೊತ್ತಾಗಲ್ಲ ಅಣ್ಣ, ಜ್ವರಕ್ಕೆ ಕೂತಾಗ ಹೇಳ್ತೀನಿ, ಅವತ್ತು ಕೆಲಸ ಕೊಡಿ." ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತೀವಿ, ನಾಲ್ಕು ಜ್ವರ, ಆಗ ಹುಳ ತಲೆ ಎತ್ಕೊಂಡು ಅಲ್ಲಾಡದೆ ಕೂತಿರುತ್ತೆ, ಸೊಪ್ಪು ಮುಟ್ಟಲ್ಲ, ಸಾಕೋರಿಗೆ ಉಸಿರಾಡೋಕೆ ಟೈಮ್ ಸಿಗೋದು ಅಷ್ಟೇ. ನಾಲ್ಕನೇ ಜ್ವರ ಎದ್ಮೇಲಂತೂ ಹಗಲೂ ರಾತ್ರಿ ಸೊಪ್ಪು ಹಾಕ್ಬೇಕು, ಗೂಡು ಕಟ್ಟೋಕೆ ಚಂದ್ರಿಕೆಗೆ, ಅಂದ್ರೆ ಬಿದಿರಿನ ತಟ್ಟೆಗೆ, ಬಿಟ್ಟು ಗೂಡು ಮಾರ್ಕೆಟ್ಟಿಗೆ ಹೋಗೋವರೆಗೂ ಅವ್ರನ್ನ ಮಾತಾಡಿಸಂಗೇ ಇಲ್ಲ. ಅವತ್ತಿಂದ ನಮ್ಮ ಕ್ಯಾಲೆಂಡರೇ ಬದಲಾಯ್ತು. ಯಾರಿಗೆ ಯಾವಾಗ ಬಿಡುವು ಅಂತ ಮೊದ್ಲು ಕೇಳ್ತೀವಿ, ಟೊಮೇಟೊ ಕೀಳೋ ಟೈಮಲ್ಲಿ ಕೋಲಾರದೋರನ್ನ ಕರೆಯಲ್ಲ, ಪರೀಕ್ಷೆ ಟೈಮಲ್ಲಿ ಮೇಷ್ಟ್ರುಗಳನ್ನ ಕರೆಯಲ್ಲ.

ಆ ಅಕ್ಕ ಮೊಬೈಲಲ್ಲೇ ಓದಿ ತಿದ್ತಾರೆ, ಹಣ್ಣಾದ ಹುಳ ಚಂದ್ರಿಕೆ ಹತ್ತೋ ಫೋಟೋನೂ ತೆಗ್ದು ಕಾಮನ್ಸ್‌ಗೆ ಹಾಕಿದ್ದಾರೆ, ಬಿದಿರಿನ ಸುತ್ತು ಸುತ್ತಲ್ಲೂ ಹುಳ ನೂಲು ಬಿಡ್ತಿರೋದು ಎಷ್ಟು ಚೆನ್ನಾಗಿ ಬಂದಿದೆ ಅಂದ್ರೆ, ಜಗತ್ತಲ್ಲಿ ಯಾರು ಬೇಕಾದ್ರೂ ಪಾಠಕ್ಕೆ ಹಾಕ್ಕೋಬಹುದು, ಕೆಳಗೆ ಅವರ ಹೆಸರು ಇರುತ್ತೆ. ಕೆರೆ ಪುಸ್ತಕದ ಪುಟಗಳನ್ನ ಈಗ ಅವರೇ ತಿದ್ತಿರೋದು. ಹೋದ ಜ್ವರದಲ್ಲಿ ಒಂದು ಅಧ್ಯಾಯ ಪೂರ್ತಿ ಮಾಡಿದ್ರು, ಕೋಡಿ ನೀರು ಯಾವ ಕೆರೆಯಿಂದ ಯಾವ ಕೆರೆಗೆ ಅನ್ನೋ ಅಧ್ಯಾಯ. ಹೆಸರುಗಳೇ ಜಾಸ್ತಿ, ಆ ಊರುಗಳನ್ನ ಬಲ್ಲೋರು ಓದಿದ್ರೆ ತಪ್ಪು ಬೇಗ ಕಣ್ಣಿಗೆ ಬೀಳುತ್ತೆ. ಆ ಪುಟಗಳೆಲ್ಲ ಹಳದಿಯಲ್ಲೇ ಇದಾವೆ, ಅವರನ್ನ ಬಿಟ್ಟು ಇನ್ನೊಬ್ರು ಓದ್ಬೇಕು. ನೀವು ಆ ಕಡೆಯವ್ರಾಗಿದ್ದು ನಿಮ್ಮೂರ ಕೆರೆ ಹೆಸರು ಸರಿಯಾಗಿ ಗೊತ್ತಿದ್ರೆ, ವಿಕಿಸೋರ್ಸಲ್ಲಿ ಒಂದು ಖಾತೆ ಮಾಡ್ಕೊಂಡು ಮೊದಲನೇ ಹಳದಿ ಪುಟ ತೆಗೀರಿ. ನಮಸ್ಕಾರ.