ಹಾಲು ಹಾಕುವಾಗಲೇ ಪರೀಕ್ಷೆ: ಮಂಡ್ಯದ ನಮ್ಮ ಬಿಲ್ಡ್ ಸರ್ವರ್

ಎಲ್ಲರಿಗೂ ನಮಸ್ಕಾರ. ಮೇಜಿನ ಕೆಳಗೆ ಕಾಣುತ್ತಿದೆಯಲ್ಲ, ಆ ಕಪ್ಪು ಪೆಟ್ಟಿಗೆ ಒಂದು ಹಳೆಯ ಡೆಸ್ಕ್‌ಟಾಪ್. ಎಂಟು ಜಿಬಿ ರ‍್ಯಾಮ್, ಹೊಸದಾಗಿ ಹಾಕಿಸಿದ ಎಸ್‌ಎಸ್‌ಡಿ. ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಮಂಡ್ಯದ ಅಶೋಕನಗರದ ಈ ಪುಟ್ಟ ಕಚೇರಿಯಲ್ಲಿ ಇನ್ನು ಮುಂದೆ ನಮ್ಮ ತಂತ್ರಾಂಶದ ಪ್ರತಿಯೊಂದು ಬಿಲ್ಡ್, ಅಂದರೆ ಬರೆದ ಕೋಡ್‌ನಿಂದ ಓಡುವ ತಂತ್ರಾಂಶ ಕಟ್ಟುವ ಕೆಲಸ, ಆಗುವುದು ಇದರಲ್ಲಿಯೇ, ಯಾರ ಲ್ಯಾಪ್‌ಟಾಪ್‌ನಲ್ಲಿಯೂ ಅಲ್ಲ.

ನಾವು ಮಾಡುವುದು ಹಳ್ಳಿಯ ಡೇರಿಗಳಿಗೆ ಲೆಕ್ಕದ ತಂತ್ರಾಂಶ. ಬೆಳಿಗ್ಗೆ ಮತ್ತು ಸಂಜೆ ಯಾರು ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು, ಬಟವಾಡೆಯ ದಿನ ಯಾರ ಕೈಗೆ ಎಷ್ಟು ಹಣ ಸೇರಬೇಕು, ಇದೆಲ್ಲ ಅದರ ಕೆಲಸ. ತಂಡದಲ್ಲಿ ಇರುವುದು ನಾಲ್ಕೇ ಜನ. ನಾನು ಇಲ್ಲಿ, ಒಬ್ಬ ಹುಡುಗ ಪಾಂಡವಪುರದಲ್ಲಿ, ಇಬ್ಬರು ಮೈಸೂರಿನಲ್ಲಿ. ನಾಲ್ಕು ಜನಕ್ಕೆ ಕಂಟಿನ್ಯುಯಸ್ ಇಂಟಿಗ್ರೇಷನ್ ಸರ್ವರ್, ಅಂದರೆ ಪ್ರತಿ ಬದಲಾವಣೆಯನ್ನೂ ತಾನೇ ಕಟ್ಟಿ ಪರೀಕ್ಷಿಸುವ ಯಂತ್ರ, ಬೇಕೇ ಎಂದು ಕೇಳುವವರಿದ್ದಾರೆ. ನಮ್ಮಂಥವರಿಗೇ ಅದು ಹೆಚ್ಚು ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಕಂಪನಿಯಲ್ಲಿ ತಪ್ಪು ಹಿಡಿಯಲೆಂದೇ ಒಂದು ವಿಭಾಗ ಇರುತ್ತದೆ. ನಮ್ಮಲ್ಲಿ ಅದು ಇಲ್ಲ. ನಮ್ಮ ಕೈತಪ್ಪಿ ಹೋದ ದೋಷ ನೇರವಾಗಿ ತಲುಪುವುದು ನಸುಕಿನಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರನ್ನು.

ಡೇರಿಯಲ್ಲಿ ಹಾಲನ್ನು ಯಾವಾಗ ಪರೀಕ್ಷಿಸುತ್ತಾರೆ ಎಂದು ಒಮ್ಮೆ ನೋಡಿ. ಪ್ರತಿಯೊಬ್ಬರ ಹಾಲಿನಿಂದಲೂ ಮೊದಲು ಮಾದರಿ ತೆಗೆಯುತ್ತಾರೆ, ಆಮೇಲೆ ದೊಡ್ಡ ಕ್ಯಾನಿಗೆ ಸುರಿಯುತ್ತಾರೆ. ಒಮ್ಮೆ ಬೆರೆತ ಮೇಲೆ ಯಾರ ಹಾಲಿನಿಂದ ಕೆಟ್ಟಿತು ಎಂದು ಯಾವ ಯಂತ್ರವೂ ಹೇಳಲಾರದು. ಕೋಡ್‌ಗೂ ಇದೇ ನಿಯಮ. ನಾಲ್ಕು ಜನರ ವಾರದ ಕೆಲಸವನ್ನು ಶನಿವಾರ ಸಂಜೆ ಒಟ್ಟಿಗೆ ಬೆರೆಸಿ, ಆಮೇಲೆ ದೋಷ ಹುಡುಕಲು ಕೂರಬಾರದು. ಒಬ್ಬೊಬ್ಬರ ಬದಲಾವಣೆಯೂ ಮುಖ್ಯ ಶಾಖೆಗೆ (ಎಲ್ಲರ ಕೋಡ್ ಒಂದಾಗುವ ಮೂಲ ಪ್ರತಿಗೆ) ಸೇರುವ ಮುನ್ನವೇ ಬಿಲ್ಡ್ ಆಗಬೇಕು, ಪರೀಕ್ಷೆಯಲ್ಲಿ ಪಾಸಾಗಬೇಕು.

ಈ ಕೆಲಸಕ್ಕೆ ನಾನು ಆರಿಸಿಕೊಂಡದ್ದು ಜೆಂಕಿನ್ಸ್. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಹಡ್ಸನ್ ಎಂಬ ಹೆಸರಿನಲ್ಲಿ ಬರೆದ ತಂತ್ರಾಂಶ ಇದು. ಒರಾಕಲ್ ಸಂಸ್ಥೆ ಸನ್ ಅನ್ನು ಕೊಂಡ ಮೇಲೆ ಹೆಸರಿನ ತಕರಾರು ಎದ್ದು, 2011ರಲ್ಲಿ ಜೆಂಕಿನ್ಸ್ ಆಯಿತು. ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ. ಅನುಸ್ಥಾಪನೆಯಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಲಿನಕ್ಸ್ ಹಾಕಿದೆ, ಜಾವಾ 21 ಹಾಕಿದೆ, ಜೆಂಕಿನ್ಸ್‌ನ ದೀರ್ಘಕಾಲ ಬೆಂಬಲವಿರುವ ಆವೃತ್ತಿಯನ್ನು ಹಾಕಿದೆ. ಬ್ರೌಸರ್‌ನಲ್ಲಿ 8080ನೇ ಪೋರ್ಟ್ ತೆರೆದರೆ ಮೊದಲ ಪಾಸ್‌ವರ್ಡ್ ಕೇಳುತ್ತದೆ. ಅದು ಯಾವ ಕಡತದಲ್ಲಿದೆ ಎಂಬುದನ್ನೂ ಅದೇ ಪುಟ ತಿಳಿಸುತ್ತದೆ.

ಈಗ ಪರದೆಯಲ್ಲಿರುವ ಈ ಒಂದು ಅಂಕಿಯನ್ನು ಗಮನವಿಟ್ಟು ನೋಡಿ. ಎಕ್ಸಿಕ್ಯೂಟರ್‌ಗಳ ಸಂಖ್ಯೆ, ಅಂದರೆ ಒಂದು ನೋಡ್ ಏಕಕಾಲಕ್ಕೆ ಎಷ್ಟು ಬಿಲ್ಡ್ ನಡೆಸಬಹುದು ಎಂಬುದು. ಜೆಂಕಿನ್ಸ್ ಕೂತಿರುವ ಮುಖ್ಯ ನೋಡ್‌ಗೆ ಅದನ್ನು ಸೊನ್ನೆ ಮಾಡುತ್ತಿದ್ದೇನೆ. ನಮ್ಮ ಗುಪ್ತಪದಗಳು, ಕೀಲಿಗಳು ಎಲ್ಲವೂ ಇರುವುದು ಮುಖ್ಯ ನೋಡ್‌ನಲ್ಲಿ. ಬಿಲ್ಡ್ ಕೂಡ ಅಲ್ಲಿಯೇ ನಡೆದರೆ, ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಯಾರು ಏನು ಬರೆದರೂ ಅದು ಆ ಕೀಲಿಗಳವರೆಗೆ ಕೈ ಚಾಚಬಹುದು. ಹಾಗಾಗಿ ಬಿಲ್ಡ್ ಮಾಡಲು ಬೇರೆಯೇ ಒಂದು ಏಜೆಂಟ್, ಅಂದರೆ ಜೆಂಕಿನ್ಸ್ ಹೇಳಿದ ಕೆಲಸ ಮಾಡುವ ಸಹಾಯಕ, ಇಟ್ಟಿದ್ದೇನೆ. ಅದು ಪ್ರತಿ ಸಲವೂ ಹೊಸ ಡಾಕರ್ ಕಂಟೇನರ್ (ಉಳಿದದ್ದರಿಂದ ಬೇರ್ಪಟ್ಟ ಪುಟ್ಟ ಪರಿಸರ) ತೆರೆದು, ಕೆಲಸ ಮುಗಿದೊಡನೆ ಅಳಿಸಿಹಾಕುತ್ತದೆ.

ಹೊಸ ಕೋಡ್ ಬಂದದ್ದು ಸರ್ವರ್‌ಗೆ ಹೇಗೆ ತಿಳಿಯಬೇಕು? ವೆಬ್‌ಹುಕ್, ಅಂದರೆ ಕೋಡ್ ಇಟ್ಟ ತಾಣವೇ ನಮ್ಮ ಸರ್ವರ್‌ಗೆ ಸುದ್ದಿ ಕಳಿಸುವುದು, ಒಳ್ಳೆಯ ದಾರಿ, ಆದರೆ ಅದಕ್ಕೆ ಹೊರಗಿನಿಂದ ತಲುಪಬಲ್ಲ ವಿಳಾಸ ಬೇಕು. ನಮ್ಮ ಬ್ರಾಡ್‌ಬ್ಯಾಂಡ್‌ನಲ್ಲಿ ಅದಿಲ್ಲ. ಅದಕ್ಕೇ ಐದು ನಿಮಿಷಕ್ಕೊಮ್ಮೆ ತಾನೇ ಹೋಗಿ ನೋಡಿ ಬರುವಂತೆ ಹೊಂದಿಸಿದ್ದೇನೆ. ಆ ವೇಳಾಪಟ್ಟಿ ಬರೆಯುವ ಸಾಲಿನ ಆರಂಭದಲ್ಲಿ ನಕ್ಷತ್ರ ಚಿಹ್ನೆಯ ಬದಲು ‘ಎಚ್’ ಅಕ್ಷರ ಬಳಸಿ. ಆಗ ಎಲ್ಲ ಜಾಬ್‌ಗಳೂ ಒಂದೇ ನಿಮಿಷಕ್ಕೆ ಮುಗಿಬೀಳುವುದಿಲ್ಲ. ಜೆಂಕಿನ್ಸ್ ಅವುಗಳನ್ನು ಬೇರೆ ಬೇರೆ ನಿಮಿಷಗಳಿಗೆ ಹಂಚುತ್ತದೆ.

ಮೊದಲ ಬಿಲ್ಡ್ ಕೆಂಪಾಯಿತು, ಅಂದರೆ ಪರೀಕ್ಷೆಯಲ್ಲಿ ಸೋತಿತು. ಪಾಂಡವಪುರದಿಂದ ಕೂಡಲೇ ಕರೆ ಬಂತು. “ಅಣ್ಣ, ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಪರೀಕ್ಷೆಗಳೂ ಪಾಸಾಗಿವೆ, ನೀವೇ ನೋಡಿ.” ಅವನ ಮಾತು ನಿಜ. ಸೋತದ್ದು ಒಂದೇ ಪರೀಕ್ಷೆ: ಬೆಳಗಿನ ಐದೂಕಾಲಿಗೆ ಹಾಕಿದ ಹಾಲು ಯಾವ ದಿನದ ಲೆಕ್ಕಕ್ಕೆ ಸೇರುತ್ತದೆ ಎಂಬುದು. ಅವನ ಲ್ಯಾಪ್‌ಟಾಪ್ ಭಾರತೀಯ ಕಾಲಮಾನದಲ್ಲಿದೆ. ಕಂಟೇನರ್‌ನ ಗಡಿಯಾರ ಯುಟಿಸಿಯಲ್ಲಿದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಐದೂಕಾಲು ಅಲ್ಲಿ ಹಿಂದಿನ ರಾತ್ರಿಯ ಹನ್ನೊಂದು ಮುಕ್ಕಾಲು. ಹಾಗಾಗಿ ಮಂಗಳವಾರದ ಹಾಲು ಸೋಮವಾರಕ್ಕೆ ಜಮಾ ಆಯಿತು. ಬಟವಾಡೆಯ ಲೆಕ್ಕ ಮುಗಿಯುವ ದಿನ ಹೀಗಾದರೆ ಒಬ್ಬರ ಹಣ ಇನ್ನೊಂದು ವಾರಕ್ಕೆ ಸರಿದುಬಿಡುತ್ತದೆ.

ಇಲ್ಲಿ ಸುಲಭದ ದಾರಿಯೊಂದು ಕೈಬೀಸಿ ಕರೆಯುತ್ತದೆ. ಕಂಟೇನರ್‌ನ ಕಾಲವಲಯ ಬದಲಿಸಿದರೆ ಒಂದೇ ಸಾಲಿನಲ್ಲಿ ಬಿಲ್ಡ್ ಹಸಿರಾಗುತ್ತದೆ. ನಾನು ಅದನ್ನು ಮಾಡಲಿಲ್ಲ, ನೀವೂ ಮಾಡಬೇಡಿ. ನಾಳೆ ಯಾವುದೋ ಸಂಘದ ಗಣಕದಲ್ಲಿ ಕಾಲವಲಯ ತಪ್ಪಾಗಿದ್ದರೆ ಅಲ್ಲಿಗೆ ಹೋಗಿ ಸರಿಮಾಡುವವರು ಯಾರು? ಆ ಹುಡುಗನೇ ಕೋಡ್‌ನಲ್ಲಿ ಏಷ್ಯಾ/ಕೋಲ್ಕತಾ ಕಾಲವಲಯವನ್ನು ಸ್ಪಷ್ಟವಾಗಿ ಬರೆದ. ಕಂಟೇನರ್ ಈಗಲೂ ಯುಟಿಸಿಯಲ್ಲಿಯೇ ಇದೆ, ಬಿಲ್ಡ್ ಹಸಿರಾಗಿದೆ. ಬಿಲ್ಡ್ ಯಂತ್ರಕ್ಕೆ ನಮ್ಮ ಬಗ್ಗೆ ಏನೂ ಗೊತ್ತಿರಬಾರದು. ನಮಗೆ ಅಭ್ಯಾಸವಾಗಿ ಕಣ್ಣಿಗೇ ಬೀಳದ ವಿಷಯಗಳನ್ನು ಅದು ಎತ್ತಿ ತೋರಿಸುವುದು ಆ ಕಾರಣದಿಂದಲೇ.

ಕನ್ನಡದ ಹೆಸರುಗಳ ವಿಚಾರದಲ್ಲಿಯೂ ಹೀಗೆಯೇ ಆಯಿತು. ರಸೀದಿಯನ್ನು ನಾವು ಚಿತ್ರವಾಗಿ ಬರೆದು ಮುದ್ರಿಸುತ್ತೇವೆ. ನಮ್ಮೆಲ್ಲರ ಲ್ಯಾಪ್‌ಟಾಪ್‌ಗಳಲ್ಲಿ ಕನ್ನಡದ ಫಾಂಟ್ ಇದೆ, ಕಂಟೇನರ್‌ನಲ್ಲಿ ಇಲ್ಲ. ಇಲ್ಲಿ ನೋಡಿ, ಹೆಸರಿನ ಜಾಗದಲ್ಲಿ ಖಾಲಿ ಚೌಕಗಳ ಸಾಲು. ಫಾಂಟ್ ಅನ್ನು ಕಂಟೇನರ್‌ಗೆ ಹಾಕುವ ಬದಲು ತಂತ್ರಾಂಶದೊಳಗೇ ಸೇರಿಸಿದೆವು. ಅದರ ಜೊತೆಗೆ ನನಗೆ ತುಂಬ ಇಷ್ಟವಾದ ಒಂದು ಪರೀಕ್ಷೆಯನ್ನೂ ಬರೆದಿದ್ದೇವೆ. ಲಕ್ಷ್ಮಮ್ಮ ಎಂಬ ಹೆಸರು ಕಣ್ಣಿಗೆ ಮೂರೇ ಅಕ್ಷರ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಒಂಬತ್ತು ಸಂಕೇತ, ಅವನ್ನು ಕಡತದಲ್ಲಿ ಬರೆಯುವ ಯುಟಿಎಫ್-8ರಲ್ಲಿ 27 ಬೈಟ್. ಕೆಲವು ಸಂಘಗಳ ಹಳೆಯ ಕಡತಗಳಲ್ಲಿ ಹೆಸರಿನ ಅಂಕಣ 20 ಬೈಟ್ ಮಾತ್ರ. ಲೆಕ್ಕವಿಲ್ಲದೆ ಕತ್ತರಿಸಿದರೆ ‘ಲಕ್ಷ್ಮ’ ಉಳಿದು, ಬಾಲಕ್ಕೆ ಅರ್ಥವಿಲ್ಲದ ಚಿಹ್ನೆಯೊಂದು ಅಂಟಿಕೊಳ್ಳುತ್ತದೆ. ಇಪ್ಪತ್ತು ವರ್ಷ ತಪ್ಪದೆ ಡೇರಿಗೆ ಹಾಲು ಹಾಕಿದ ಹೆಂಗಸಿನ ಹೆಸರನ್ನು ರಸೀದಿಯಲ್ಲಿ ಮುರಿದು ಕೊಡುವ ಹಕ್ಕು ನಮಗಿಲ್ಲ. ಹಳೆಯ ಅಂಕಣವನ್ನು ಹಿಗ್ಗಿಸುವ ಬದಲಾವಣೆ ಸಿದ್ಧವಾಗಿದೆ, ಈ ಹೆಸರು ಪೂರ್ತಿ ಬಾರದಿದ್ದರೆ ಈಗ ಬಿಲ್ಡ್ ನಿಲ್ಲುತ್ತದೆ.

ಇನ್ನು ಕರೆಂಟು. ಚಿಕ್ಕ ಯುಪಿಎಸ್ ಒಂದಿದೆ, ದೀರ್ಘ ಕಡಿತಕ್ಕೆ ಅದು ಸಾಲದು. ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ) ವಿದ್ಯುತ್ ಮರಳಿದಾಗ ತಾನೇ ಚಾಲೂ ಆಗುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದೆ. ಯಾರೂ ಮುಟ್ಟದೆ ಯಂತ್ರ ಎದ್ದಿತು, ಜೆಂಕಿನ್ಸ್ ಕೂಡ ಎದ್ದಿತು. ಹಳೆಯ ಬಿಲ್ಡ್‌ಗಳಲ್ಲಿ ಕೊನೆಯ ಮೂವತ್ತನ್ನು ಮಾತ್ರ ಉಳಿಸುವಂತೆಯೂ ಹೇಳಿದ್ದೇನೆ, ಇಲ್ಲದಿದ್ದರೆ ಡಿಸ್ಕ್ ಸದ್ದಿಲ್ಲದೆ ತುಂಬಿಹೋಗುತ್ತದೆ.

ಕೊನೆಯ ಕೆಲಸ ಬ್ಯಾಕಪ್. ಜೆಂಕಿನ್ಸ್‌ನ ಇಡೀ ಸಂಸಾರ ಒಂದೇ ಫೋಲ್ಡರ್‌ನಲ್ಲಿದೆ. ರಾತ್ರಿ ಅದರ ಪ್ರತಿ ಮೈಸೂರಿನ ಸಹೋದ್ಯೋಗಿಯ ಮನೆಯ ಡಿಸ್ಕ್‌ಗೆ ಹೋಗುತ್ತದೆ. ಅದರಿಂದ ಮಾಸ್ಟರ್ ಕೀ ಕಡತವನ್ನು ಮಾತ್ರ ಹೊರಗಿಟ್ಟಿದ್ದೇನೆ. ಗುಪ್ತಪದಗಳ ಬೀಗ ತೆರೆಯುವ ಕೀಲಿ ಅದು, ಬೀಗದ ಜೊತೆಯಲ್ಲಿಯೇ ಇರಬಾರದು. ಪೆನ್‌ಡ್ರೈವ್ ಒಂದರಲ್ಲಿ ಬೀರುವಿಗೆ ಸೇರಿಸಿದ್ದೇನೆ. ಬ್ಯಾಕಪ್‌ನಿಂದ ಇನ್ನೊಂದು ಯಂತ್ರದಲ್ಲಿ ಎಲ್ಲವನ್ನೂ ಮತ್ತೆ ಎಬ್ಬಿಸಿ ನೋಡುವುದು ಬರುವ ಭಾನುವಾರ, ಬೆಳಗಿನ ಹಾಲಿನ ಲೆಕ್ಕ ಮುಗಿದ ಮೇಲೆ.