ಯಾರ ಹಬ್ಬವೋ ಅವರ ಮನೆ

ಕೇಳುಗರೆ, ನಮಸ್ಕಾರ.

ಮನೆಯ ಚಿತ್ರ ಬರಿ ಅಂತ ಮಕ್ಕಳ ಕೈಗೆ ಪೆನ್ಸಿಲು ಕೊಟ್ಟು ನೋಡಿ. ಒಂದು ಚೌಕ, ಅದರ ಮೇಲೊಂದು ತ್ರಿಕೋನ, ಪಕ್ಕದಲ್ಲಿ ಹೊಗೆ ಬಿಡುವ ಚಿಮಣಿ. ಅಂಗಡಿಯಲ್ಲಿ ಸಿಗುವ ಗ್ರೀಟಿಂಗ್ ಕಾರ್ಡುಗಳಲ್ಲೂ ಬಹಳ ಸಲ ಇದೇ ಮನೆ. ನಮ್ಮ ಊರುಗಳಲ್ಲಿ ಇಂಥ ಮನೆ ಎಷ್ಟಿವೆ, ಹೇಳಿ? ನಮ್ಮ ಸೌದೆ ಒಲೆಯ ಹೊಗೆ ಹೆಂಚಿನ ಸಂದಿಯಲ್ಲೋ ಬೆಳಕಿಂಡಿಯಲ್ಲೋ ದಾರಿ ಮಾಡಿಕೊಂಡು ಹೋಗುತ್ತಿತ್ತು. ಅದಕ್ಕೇ ಶುಭಾಶಯ ಪತ್ರವನ್ನು ಕೈಯಲ್ಲೇ ಮಾಡಬೇಕೆಂದು ಕೂತವರಿಗೆ ನಾನು ಹೇಳುವುದು ಒಂದೇ ಮಾತು. ಪತ್ರ ಯಾರಿಗೆ ಹೋಗುತ್ತದೋ ಅವರ ಮನೆಯನ್ನೇ ಬರೆಯಿರಿ. ಗೃಹಪ್ರವೇಶ ಮಾಡಿದವರಿಗೆ ಅವರ ಹೊಸ ಮನೆ. ಊರಿನ ಮನೆ ಬಿಟ್ಟು ಮಗನ ಫ್ಲ್ಯಾಟಿಗೆ ಬಂದ ಅಜ್ಜಿಗೆ, ಅವರು ಬಿಟ್ಟುಬಂದ ಮನೆ.

ಚಿತ್ರ ಬರೆಯಲು ಬರುವುದಿಲ್ಲ ಎನ್ನುವವರು ಹೆದರಬೇಕಾಗಿಲ್ಲ. ಮಾಡು, ಅಂದರೆ ಮನೆಯ ಚಾವಣಿ, ಸರಿಯಾಗಿ ಬಂದರೆ ಅರ್ಧ ಮನೆ ಬಂದ ಹಾಗೆ. ಮಲೆನಾಡು, ಕರಾವಳಿಯಲ್ಲಿ ಮಳೆ ಜೋರು, ನೀರು ನಿಲ್ಲದೆ ಜಾರಿಹೋಗಬೇಕು. ಆದ್ದರಿಂದ ಮಾಡು ಕಡಿದಾಗಿದ್ದು, ಸೂರು ಗೋಡೆಯಿಂದ ಮುಂದಕ್ಕೆ ಚಾಚಿರುತ್ತದೆ. ಎದುರು ನಿಂತು ನೋಡಿದರೆ ಗೋಡೆ ಗಿಡ್ಡ, ಮಾಡೇ ದೊಡ್ಡದು. ಕಲಬುರಗಿ, ವಿಜಯಪುರದ ಹಳೆಯ ಮನೆಗಳಿಗೆ ಬನ್ನಿ, ಅಲ್ಲಿ ಮಳೆ ಕಡಿಮೆ, ಮಣ್ಣಿನ ಮಾಳಿಗೆ ಚಪ್ಪಟೆ. ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ, ಬಾಗಿಲ ಎರಡೂ ಬದಿ ಕೂರಲು ಕಟ್ಟೆ. ಇದಕ್ಕೆ ತ್ರಿಕೋನವೇ ಬೇಡ. ಉದ್ದನೆಯ ಒಂದು ಆಯತ ಕತ್ತರಿಸಿ, ನಿಮ್ಮ ಕುಸುರಿಯನ್ನೆಲ್ಲ ಬಾಗಿಲಿಗೆ ಮೀಸಲಿಡಿ.

ನನಗೆ ತುಂಬಾ ಇಷ್ಟವಾದದ್ದು ಹಳೇ ಮೈಸೂರು ಸೀಮೆಯ ತೊಟ್ಟಿ ಮನೆ. ಬೀದಿಯಿಂದ ನೋಡಿದರೆ ಅದರ ಚೆಂದ ಗೊತ್ತಾಗುವುದಿಲ್ಲ, ಬಾಗಿಲು ದಾಟಿ ಒಳಗೆ ಹೋಗಬೇಕು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬಗಳ ಪಡಸಾಲೆ. ಈ ಮನೆಯ ಪತ್ರವೂ ಹಾಗೆಯೇ ಇರಲಿ. ಎ4 ಅಳತೆಯ ದಪ್ಪ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು, ಎಡಕ್ಕೂ ಬಲಕ್ಕೂ ಸುಮಾರು ಏಳೂವರೆ ಸೆಂಟಿಮೀಟರ್ ಒಳಕ್ಕೆ ಮಡಿಸಿ. ಎರಡು ಅಂಚು ನಡುವೆ ಬಂದು ಕೂಡುತ್ತವೆ, ಅವೇ ಮುಂಬಾಗಿಲ ಎರಡು ಕದ. ಹೊರಗೆ ಬಾಗಿಲು ಮಾತ್ರ ಬರೆಯಿರಿ. ಮೇಲೆ ಹಸಿರು ಕಾಗದದ ಮಾವಿನ ತೋರಣ, ಕೆಳಗೆ ಹೊಸ್ತಿಲು, ಹೊಸ್ತಿಲಿಗೆ ಅರಿಶಿನ ಕುಂಕುಮದ ಬೊಟ್ಟು. ಹೊಸ್ತಿಲ ಮುಂದಿನ ರಂಗೋಲಿಗೆ ಬಿಳಿ ಪೋಸ್ಟರ್ ಕಲರಿನಲ್ಲಿ ಅದ್ದಿದ ಹಲ್ಲುಕಡ್ಡಿ ಸಾಕು, ಚುಕ್ಕಿ ಒಂದೇ ಗಾತ್ರದಲ್ಲಿ ಬೀಳುತ್ತದೆ. ಪತ್ರ ಕೈಗೆ ಬಂದವರು ಕದ ತೆರೆದಾಗ ತೊಟ್ಟಿ, ಕಂಬ, ಮೂಲೆಯಲ್ಲಿ ಹಂಡೆ, ಅವರ ಮನೆಯಲ್ಲಿ ಏನೇನಿತ್ತೋ ಅದು ಕಾಣಲಿ. ಹಬ್ಬದ ಮಾತು ತೊಟ್ಟಿಯ ಒಳಗೆ.

ಹಾಳೆಯ ವಿಷಯ ಹೇಳಿಬಿಡುತ್ತೇನೆ. 250ರಿಂದ 300 ಜಿಎಸ್ಎಂ ದಪ್ಪದ್ದು ಬೇಕು, ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎನ್ನುವ ಲೆಕ್ಕ. ಕೊಳ್ಳುವ ಮೊದಲು ಮನೆಯ ಅಟ್ಟ ಹುಡುಕಿ. ಹಳೆಯ ಮದುವೆ ಕರೆಯೋಲೆಗಳ ಕಾಗದ ಎಷ್ಟೋ ಸಲ ಅಂಗಡಿಯದಕ್ಕಿಂತ ಚೆನ್ನಾಗಿರುತ್ತದೆ. ಗಣಪತಿಯ ಚಿತ್ರಕ್ಕೆ ಕತ್ತರಿ ಹಾಕಲು ಮನಸ್ಸು ಬಾರದಿದ್ದರೆ ಆ ಭಾಗವನ್ನು ಬೇರೆ ಮಾಡಿ ಎತ್ತಿಡಿ, ನಾನೂ ಹಾಗೇ ಮಾಡುವುದು. ದಪ್ಪ ಹಾಳೆಯನ್ನು ಸುಮ್ಮನೆ ಮಡಿಸಿದರೆ ಮಡಿಕೆ ಬಿರಿಯುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲು ಹಿಡಿದು ಒತ್ತಿ ಒಂದು ಗೆರೆ ಎಳೆದು ಆಮೇಲೆ ಮಡಿಸಿ. ಹಾಳೆಯ ನಾರು ಯಾವ ದಿಕ್ಕಿಗಿದೆ ಎನ್ನುವುದನ್ನೂ ನೋಡಿಕೊಳ್ಳಿ. ಎರಡೂ ಕಡೆಗೆ ಮೆಲ್ಲಗೆ ಬಾಗಿಸಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ. ಮಡಿಕೆ ಆ ಕಡೆಗೇ ಬಂದರೆ ಒಳ್ಳೆಯದು.

ಈಗ ಹೆಂಚು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಮುಂದೆ ಆ ಕೆಂಪು ಹೆಂಚು ಕರಾವಳಿ, ಘಟ್ಟದ ಊರುಗಳ ಮಾಡು ಹತ್ತಿತು, ಹಡಗೇರಿ ಹೊರದೇಶಕ್ಕೂ ಹೋಯಿತು. ಅದನ್ನು ಪತ್ರದ ಮೇಲೆ ತರಲು ರಟ್ಟಿನ ಡಬ್ಬಿಗಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ದಿನಸಿ ಬರುವ ರಟ್ಟಿನಲ್ಲಿ ಎರಡು ಕಾಗದದ ನಡುವೆ ಅಲೆಅಲೆಯಾದ ಪದರ ಇರುತ್ತದಲ್ಲ, ಅದು ಬೇಕು ನಮಗೆ. ರಟ್ಟಿನ ಒಂದು ಮೈಗೆ ಒದ್ದೆ ಬಟ್ಟೆ ಒತ್ತಿ ಒಂದೆರಡು ನಿಮಿಷ ಬಿಡಿ. ಮೂಲೆಯಿಂದ ಉಗುರಲ್ಲಿ ಎಬ್ಬಿಸಿದರೆ ಮೇಲಿನ ಕಾಗದ ಸುಲಿದು ಬರುತ್ತದೆ, ಕೆಳಗೆ ಸಾಲು ಸಾಲು ಅಲೆ. ನೀರು ಜಾಸ್ತಿಯಾದರೆ ಅಲೆಯೂ ಕಿತ್ತುಬರುತ್ತದೆ, ಆದ್ದರಿಂದ ಬಟ್ಟೆ ಹಿಂಡಿಕೊಂಡಿರಲಿ. ನೆರಳಲ್ಲಿ ಒಣಗಿಸಿ. ಅಲೆಗಳು ಮೇಲಿಂದ ಕೆಳಕ್ಕೆ, ನೀರು ಇಳಿಯುವ ದಿಕ್ಕಿಗೇ ಬರುವಂತೆ ಮಾಡಿನ ಆಕಾರಕ್ಕೆ ಕತ್ತರಿಸಿ. ಅಡ್ಡಲಾಗಿ ಬಂದರೆ ತಗಡಾಗಲಿ ಹೆಂಚಾಗಲಿ ಆಗುವುದಿಲ್ಲ. ಕೆಂಪಿಗೆ ಒಂಚೂರು ಕಂದು ಬೆರೆಸಿ ಬಳಿಯಿರಿ. ಒಣಗಿದ ಮೇಲೆ ಅಲ್ಲಲ್ಲಿ ಕಪ್ಪು, ಒಂದೆರಡು ಕಡೆ ಪಾಚಿಯ ಹಸಿರನ್ನು ಒಣ ಕುಂಚದಿಂದ ಸವರಿ. ಮಳೆಗಾಲ ಕಂಡ ಹೆಂಚಿಗೆ ಒಂದೇ ಬಣ್ಣ ಇರುವುದಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಪತ್ರ ಕಳಿಸುವುದಾದರೆ ಗೋಡೆಗೂ ಗಮನ ಕೊಡಿ. ಅಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೂ ಪುಂಡಿ ನಾರಿನದು. ಆ ಗೆರೆಗಳ ಅಚ್ಚುಕಟ್ಟು ಒಂದು ದಿನದಲ್ಲಿ ಕೈಗೆ ಬರುವಂಥದ್ದಲ್ಲ. ಸರಳವಾದ ಒಂದು ಅಂಚನ್ನಷ್ಟೇ ಶ್ರದ್ಧೆಯಿಂದ ಬರೆದು, ಪತ್ರದ ಬೆನ್ನಿಗೆ ಇದು ದೀವರ ಹಸೆ ಚಿತ್ತಾರದಿಂದ ಕಲಿತದ್ದು ಅಂತ ಎರಡಕ್ಷರ ಬರೆಯಿರಿ. ಅವರ ಕಲೆಯ ಹೆಸರು ಅದರ ಜೊತೆಗೇ ಹೋಗಬೇಕು.

ಪತ್ರ ಬಿಚ್ಚಿದೊಡನೆ ಎದ್ದು ನಿಲ್ಲುವ ಮನೆಯೂ ಕಷ್ಟವಲ್ಲ. ಎ4 ಹಾಳೆಯ ಅರ್ಧವನ್ನು ತೆಗೆದುಕೊಂಡು ನಡುವೆ ಮಡಿಸಿ, ಮಡಿಕೆಯಿಂದ ಒಳಕ್ಕೆ 3 ಸೆಂಟಿಮೀಟರ್ ಉದ್ದದ ಎರಡು ಸೀಳು ಹಾಕಿ. ಸೀಳುಗಳ ನಡುವೆ 5 ಸೆಂಟಿಮೀಟರ್ ಇರಲಿ. ಹಾಳೆ ಬಿಡಿಸಿ ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಒಂದು ಮೆಟ್ಟಿಲು ಮೂಡುತ್ತದೆ. ಬೇರೆ ಕಾಗದದಲ್ಲಿ ಕತ್ತರಿಸಿದ ಮನೆಯ ಮುಂಭಾಗವನ್ನು ಆ ಮೆಟ್ಟಿಲ ಎದುರು ಮುಖಕ್ಕೆ, ಅಷ್ಟಕ್ಕೇ, ತೆಳುವಾಗಿ ಫೆವಿಕಾಲ್ ಹಚ್ಚಿ ಅಂಟಿಸಿ. ಮನೆಯ ಎತ್ತರ 7 ಸೆಂಟಿಮೀಟರ್ ದಾಟಬಾರದು, ದಾಟಿದರೆ ಪತ್ರ ಮುಚ್ಚಿದಾಗ ಮಾಡು ಹೊರಗೆ ಇಣುಕುತ್ತದೆ. ರಟ್ಟಿನ ಹೆಂಚು ಇಲ್ಲಿ ಬೇಡ, ದಪ್ಪಕ್ಕೆ ಪತ್ರ ಮುಚ್ಚುವುದೇ ಇಲ್ಲ. ಖಾಕಿ ಕಾಗದದ ಮೇಲೆ ಗೆರೆ ಎಳೆದರೆ ಸಾಕು.

ಒಳಗೆ ಏನು ಬರೆಯುವುದು? ಸಂಕ್ರಾಂತಿಗೆ ಎಳ್ಳು ಬೆಲ್ಲದ ಮಾತು ಇದ್ದೇ ಇದೆ, ಬರೆಯಿರಿ. ಅದರ ಕೆಳಗೆ ಆ ಮನೆಯ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಾಲು ಸೇರಿಸಿ. ಜಗಲಿಯ ಯಾವ ಮೂಲೆಯಲ್ಲಿ ಅಜ್ಜ ಪೇಪರ್ ಓದುತ್ತಿದ್ದರು, ಹಿತ್ತಿಲ ಬಾಗಿಲ ಅಗುಳಿ ಎಷ್ಟು ಬಿಗಿ ಇತ್ತು. ಅಚ್ಚಾದ ಕಾರ್ಡಿನಲ್ಲಿ ಆ ಸಾಲು ಸಿಗುವುದಿಲ್ಲ.

ಅಂಚೆಗೆ ಹಾಕುವ ಮುನ್ನ ತೂಕ ನೋಡಿ. 300 ಜಿಎಸ್ಎಂನ ಎ4 ಹಾಳೆಯೊಂದೇ ಹೆಚ್ಚುಕಡಿಮೆ 19 ಗ್ರಾಂ ತೂಗುತ್ತದೆ. ಅದಕ್ಕೆ ರಟ್ಟು, ಬಣ್ಣ, ಲಕೋಟೆ ಸೇರಿದರೆ ಚೀಟಿ ಹೆಚ್ಚು ಬೇಕಾದೀತು, ಅಂಚೆ ಕಚೇರಿಯಲ್ಲೇ ತೂಗಿಸಿ ಅಂಟಿಸುವುದು ಒಳ್ಳೆಯದು. ರಟ್ಟಿನ ಮಾಡು ಇರುವ ಪತ್ರವಾದರೆ ಮೊಹರಿನ ಏಟಿಗೆ ಅಲೆ ನಜ್ಜಾಗದಂತೆ ಲಕೋಟೆಯೊಳಗೆ ಅದರ ಮೇಲೊಂದು ಗಟ್ಟಿ ಹಾಳೆ ಇಡಿ. ಈ ಸಲದ ಹಬ್ಬಕ್ಕೆ ಮಾಡುವುದಾದರೆ ಇವತ್ತೇ ಆ ಮನೆಯ ಒಂದು ಹಳೆ ಫೋಟೋ ಹುಡುಕಿಟ್ಟುಕೊಳ್ಳಿ. ಫೋಟೋ ಇಲ್ಲದಿದ್ದರೆ ಅಲ್ಲಿ ಬಾಳಿದವರಿಗೇ ಫೋನ್ ಮಾಡಿ, ಮುಂದೆ ಎಷ್ಟು ಕಂಬ ಇತ್ತು ಅಂತ ಕೇಳಿ. ಮಾತು ಕಂಬಕ್ಕೇ ನಿಲ್ಲುವುದಿಲ್ಲ, ಬಿಡುವು ಮಾಡಿಕೊಂಡೇ ಫೋನ್ ಹಚ್ಚಿ.

ನಮಸ್ಕಾರ.