ಬಾಲ್ಕನಿಯಲ್ಲಿ ಕೆರೆ, ಪಾರ್ಕಿಂಗಿನಲ್ಲಿ ಕೆಸರಿನ ಗೆರೆ

ಮೊದಲು ಈ ಬಾಲ್ಕನಿ ನೋಡಿಬಿಡಿ. ಬೆಳಗ್ಗೆ ಆರೂಮುಕ್ಕಾಲು ಗಂಟೆ. ಎದುರಿಗೆ ಕಾಣುತ್ತಿರುವುದು ತುಮಕೂರಿನ ಅಮಾನಿಕೆರೆ. ನೀರಿನ ಮೇಲೆ ಇನ್ನೂ ಮಂಜಿದೆ. ಆ ಒಣಗಿದ ಕೊಂಬೆ ಮೇಲೆ ಒಂದು ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಕೂತಿದೆ, ಯಾರೋ ಬಟ್ಟೆ ಒಣಹಾಕಿದ ಹಾಗೆ. ದಂಡೆ ಮೇಲೆ ವಾಕಿಂಗ್ ಮಾಡುವವರು ಇರುವೆ ಸಾಲಿನ ಹಾಗೆ ಹೋಗುತ್ತಿದ್ದಾರೆ.

ಈ ಬಾಲ್ಕನಿ ನನ್ನದಲ್ಲ. ಇದಕ್ಕೆ ಕೇಳುತ್ತಿರುವ ಬೆಲೆ 42 ಲಕ್ಷ. ಹಿಂದೆ ಎರಡು ಬೆಡ್‌ರೂಮು, ಹಾಲು, ಅಡುಗೆಮನೆ ಸೇರಿಸಿ ಕೊಡುತ್ತಾರೆ ಅನ್ನಿ.

ನಮಸ್ಕಾರ. ಒಂದೂವರೆ ತಿಂಗಳಿಂದ ವಿಡಿಯೋ ಯಾಕೆ ಹಾಕಿಲ್ಲ ಅಂತ ತುಂಬಾ ಜನ ಕೇಳಿದ್ದೀರಿ. ಕಾರಣ ಇದೇ. ಮನೆ ನೋಡುತ್ತಿದ್ದೆ. ಒಂದೇ ಮನೆಯನ್ನು ಐದು ಸಲ ನೋಡಿದೆ.

ನಾವು ಈಗ ಬಾಡಿಗೆಗೆ ಇರುವುದು ಶೆಟ್ಟಿಹಳ್ಳಿಯಲ್ಲಿ. ನನಗೆ ಬೆಂಗಳೂರಿನಲ್ಲಿ ಕೆಲಸ, ದಿನಾ ರೈಲು. ಹೋಗಿ ಬರುವುದಕ್ಕೆ 140 ಕಿಲೋಮೀಟರ್. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವ ಯೋಚನೆಯನ್ನು ನಾವು ಯಾವತ್ತೋ ಬಿಟ್ಟಾಯಿತು. ಇಲ್ಲೇ ಒಂದು ಸೂರು ಆಗಲಿ ಅಂತ ಹೊರಟಾಗ ಬ್ರೋಕರ್ ಮೊದಲ ದಿನವೇ ಈ ಬಾಲ್ಕನಿಗೆ ಕರೆತಂದು ನಿಲ್ಲಿಸಿದರು. ಬೇರೆ ರೂಮು ತೋರಿಸುವ ಮೊದಲೇ. ಅವರಿಗೆ ಅವರ ಕಸುಬು ಗೊತ್ತು.

ಏರಿಯಾ ಡೆವಲಪ್ ಆಗ್ತಿದೆ ಸಾರ್ ಅಂದರು. ಅದು ಸುಳ್ಳಲ್ಲ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ದುಡ್ಡಿನಲ್ಲಿ ಅಮಾನಿಕೆರೆಗೂ ಹೊಸ ರೂಪ ಬಂತು. ನಾನು ಪಿಯುಸಿ ಓದುವಾಗ ಕೆರೆ ಕಡೆ ಹೋಗ್ತೀನಿ ಅಂದರೆ ಮನೆಯಲ್ಲಿ ಬೈಯುತ್ತಿದ್ದರು. ಈಗ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಪಕ್ಕದಲ್ಲೇ ಗಾಜಿನ ಮನೆ ಬೇರೆ. ಬ್ರೋಕರ್ ಮಾತು ಅಲ್ಲಿಗೇ ನಿಲ್ಲಿಸಬೇಕಿತ್ತು. ಮೆಟ್ರೋನೂ ಬರುತ್ತೆ ಅಂದರು. ಬೆಂಗಳೂರು ಮೆಟ್ರೋದ ಹಸಿರು ಮಾರ್ಗ ಮಾದಾವರಕ್ಕೆ ಬಂದದ್ದು 2024ರ ನವೆಂಬರಿನಲ್ಲಿ. ಅಲ್ಲಿಂದ ಇಲ್ಲಿಗೆ ಇನ್ನೂ 50 ಕಿಲೋಮೀಟರಿಗಿಂತ ಜಾಸ್ತಿ ಇದೆ. ಬಂದ ದಿನ ಹತ್ತುತ್ತೇನೆ. ಅದಕ್ಕೆ ಈಗಲೇ ದುಡ್ಡು ಕೊಡುವುದಿಲ್ಲ.

ಎರಡನೇ ಸಲ ಹೋಗುವಾಗ ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಗುಬ್ಬಿ ತಾಲ್ಲೂಕಿನ ಹಳ್ಳಿಯವರು. ಕೆರೆ ಕೆಳಗಿನ ಗದ್ದೆಯಲ್ಲಿ ನಾಟಿ ಹಾಕಿ ಬೆಳೆದವರು. ಬಾಲ್ಕನಿಯಲ್ಲಿ ಒಂದು ನಿಮಿಷ ನಿಂತರು ಅಷ್ಟೆ. ಆಮೇಲೆ ಬ್ರೋಕರನ್ನು ಕೇಳಿದ್ದು ಎರಡೇ ಪ್ರಶ್ನೆ. ಕೆರೆಗೆ ನೀರು ಬರೋದು ಯಾವ ಕಡೆಯಿಂದಪ್ಪ? ಕೋಡಿ ಯಾವ ಕಡೆ?

ಬ್ರೋಕರ್ ನಕ್ಕರು. ನನಗೂ ಸ್ವಲ್ಪ ಮುಜುಗರ ಆಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಯೋಚನೆ ಮಾಡಿ. ಕೆರೆ ಅಂದರೆ ಬರೀ ನೀರಲ್ಲ. ಅದಕ್ಕೆ ನೀರು ತರುವ ಕಾಲುವೆ ಇದೆ, ತಡೆಯುವ ಏರಿ ಇದೆ, ಬಿಡುವ ತೂಬು ಇದೆ, ಹೆಚ್ಚಾದರೆ ಹರಿದುಹೋಗಲು ಕೋಡಿ ಇದೆ. ಅಮಾನಿ ಅಂದರೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತಿದ್ದದ್ದು ಅಂತ, ಗುತ್ತಿಗೆಗೆ ಕೊಡದೆ ಉಳಿಸಿಕೊಂಡದ್ದು. ಕೆರೆಗೆ ಅದರದ್ದೇ ವಹಿವಾಟು ಇತ್ತು. ನಮ್ಮ ಅಪಾರ್ಟ್‌ಮೆಂಟು ಆಮೇಲೆ ಬಂದ ಒಕ್ಕಲು.

ಅಮ್ಮ ಕೆಳಗಿಳಿದು ಕಟ್ಟಡದ ಹಿಂಬದಿಗೆ ಹೋದರು. ಕಾಂಪೌಂಡ್ ಗೋಡೆ ಆಚೆ ಒಂದು ಚರಂಡಿ. ಅಗಲ ಎಂಟು ಅಡಿ ಇರಬಹುದು, ಎರಡೂ ಕಡೆ ಕಲ್ಲು ಕಟ್ಟಿದ್ದಾರೆ. ಅಮ್ಮ ಅದನ್ನು ಚರಂಡಿ ಅನ್ನಲಿಲ್ಲ. ಇದು ಹಳ್ಳ ಅಂದರು. ಕೆರೆಗೆ ನೀರು ಹೋಗೋ ದಾರಿ ಇದು, ನೀನು ದಾರಿ ಪಕ್ಕ ಮನೆ ತಗೊಳ್ತಿದ್ದೀಯ.

ಈ ಶಾಟ್ ನೋಡಿ, ಇದು ಕೆಳಗಿನ ಪಾರ್ಕಿಂಗು. ಅರ್ಧ ನೆಲದ ಒಳಗೆ, ಅರ್ಧ ಹೊರಗೆ. ಈ ಕಂಬದ ಬುಡ ಗಮನಿಸಿ. ನೆಲದಿಂದ ಎರಡು ಗೇಣು ಮೇಲೆ ಬಣ್ಣ ಬೇರೆ ಇದೆ, ಅಲ್ವಾ? ಮೇಲೆ ಹಳೇ ಕೆನೆ ಬಣ್ಣ, ಕೆಳಗೆ ಹೊಸ ಕೆನೆ ಬಣ್ಣ. ಬೆರಳಿನಲ್ಲಿ ಕೆರೆದೆ. ಹೊಸ ಪದರ ಸಿಪ್ಪೆ ಹಾಗೆ ಎದ್ದು ಬಂತು. ಅದರ ಹಿಂದೆ ಕಂದು ಗೆರೆ, ಸ್ಕೇಲ್ ಇಟ್ಟು ಎಳೆದಷ್ಟು ನೇರ. ನೀರು ಮಾತ್ರ ಗೋಡೆ ಮೇಲೆ ಅಷ್ಟು ನೇರವಾಗಿ ಗೆರೆ ಎಳೆಯುತ್ತದೆ.

ವಾಚ್‌ಮನ್ ಅಣ್ಣ ಮರೆಮಾಚಲಿಲ್ಲ. 2022ರ ಮಳೆಗಾಲ ಅಂದರು. ಆ ವರ್ಷ ರಾಜ್ಯದಲ್ಲೆಲ್ಲ ಎಂಥ ಮಳೆ ಆಯಿತು ಅಂತ ನಿಮಗೂ ನೆನಪಿರಬೇಕು. ಕೆರೆ ತುಂಬಿದಾಗ ಹಳ್ಳದ ನೀರು ಮುಂದಕ್ಕೆ ಹೋಗದೆ ಹಿಂದಕ್ಕೆ ಒತ್ತಿತಂತೆ. ಎರಡು ಸ್ಕೂಟರ್ ಮುಳುಗಿದವು.

ಮೂರನೇ ಮಹಡಿಯಲ್ಲಿರುವವನಿಗೆ ಅದರಿಂದ ಏನು ಅಂತ ನನಗೂ ಅನಿಸಿತು. ಆದರೆ ಕರೆಂಟ್ ಪ್ಯಾನೆಲ್ ಇರುವುದು ಅದೇ ಪಾರ್ಕಿಂಗಿನಲ್ಲಿ. ಸಂಪಿನ ಮುಚ್ಚಳ ಅಲ್ಲೇ, ಲಿಫ್ಟಿನ ಗುಂಡಿಯೂ ಅಲ್ಲೇ. ಕೆಳಗೆ ನೀರು ಬಂದರೆ ಮೇಲಿನವರಿಗೆ ಲಿಫ್ಟ್ ಇಲ್ಲ, ದೀಪ ಇಲ್ಲ, ಕುಡಿಯುವ ನೀರಿಗೆ ಕೊಳಚೆ ಸೇರಿರುತ್ತದೆ. ಅಮ್ಮನಿಗೆ ಮಂಡಿ ನೋವು. ಮೂರು ಮಹಡಿ.

ನೀರಿನ ವಿಷಯ ಬಂತಲ್ಲ, ಇನ್ನೊಂದು ತಮಾಷೆ ಹೇಳುತ್ತೇನೆ. ಕಿಟಕಿ ತೆಗೆದರೆ ಕೆರೆ, ಆದರೆ ನಲ್ಲಿಗೆ ಬರುವುದು ಹೇಮಾವತಿ. ಗೊರೂರಿನಿಂದ ನಾಲೆಯಲ್ಲಿ ಬಂದು, ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಶುದ್ಧವಾಗಿ ಊರಿಗೆ ಬರುತ್ತದೆ. ಅದು ಬಾರದ ದಿನ ಬೋರ್‌ವೆಲ್. ಬಾತ್‌ರೂಮಿನ ಈ ಶವರ್ ನೋಡಿ. ತೂತುಗಳ ಸುತ್ತ ಬಿಳಿ ಸುಣ್ಣ ಕಟ್ಟಿದೆ. ಅರ್ಧ ತೂತು ಮುಚ್ಚಿಹೋಗಿ ನೀರು ದಿಕ್ಕಾಪಾಲಾಗಿ ಚಿಮ್ಮುತ್ತದೆ. ಇಲ್ಲಿ ಬೋರ್ ನೀರು ಎಷ್ಟು ದಿನ ಓಡುತ್ತೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನೋಡಿ, ಹಳೇ ಫ್ಲ್ಯಾಟಿನಲ್ಲಿ ನನಗೆ ಇಷ್ಟವಾದದ್ದೂ ಇದೇ. ಹೊಸ ಕಟ್ಟಡ ಬ್ರೋಷರ್ ತೋರಿಸುತ್ತದೆ. ಹತ್ತು ಮಳೆಗಾಲ ಕಂಡ ಕಟ್ಟಡಕ್ಕೆ ಮುಚ್ಚಿಡಲು ಆಗುವುದಿಲ್ಲ. ಬಣ್ಣ ಬಳಿದರೂ ಕೆರೆದರೆ ಬಾಯಿ ಬಿಡುತ್ತದೆ.

ಈಗ ಲೆಕ್ಕ. ಬೇಗ ಮುಗಿಸುತ್ತೇನೆ, ಆದರೆ ಕೇಳಿ, ಯಾಕಂದರೆ ಒಂದು ಕಡೆ ನಾನು ಮೋಸ ಹೋಗುತ್ತಿದ್ದೆ. 1180 ಚದರಡಿ ಅಂತ ಹೇಳಿದ್ದರು. ಅದು ಸೂಪರ್ ಬಿಲ್ಟ್ ಅಪ್. ಮೆಟ್ಟಿಲು, ಲಿಫ್ಟು, ಕಾರಿಡಾರ್ ಎಲ್ಲದರ ಪಾಲೂ ಅದರಲ್ಲಿದೆ. ನಾನೂ ನನ್ನ ಹೆಂಡತಿಯೂ ಟೇಪ್ ಹಿಡಿದು ಒಳಗೆ ಅಳೆದೆವು. ಸುಮಾರು 860 ಬಂತು. ಚದರಡಿಗೆ 3,560 ರೂಪಾಯಿ ಅಂದುಕೊಂಡದ್ದು ಕಾಲಿಡುವ ಜಾಗಕ್ಕೆ 4,880 ಆಯಿತು.

ಮೋಸ ಹೋಗುತ್ತಿದ್ದದ್ದು ಅಲ್ಲಲ್ಲ, ನೋಂದಣಿ ಖರ್ಚಿನಲ್ಲಿ. 45 ಲಕ್ಷದ ಒಳಗಿನ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ ಶೇಕಡಾ 3 ಅಂತ ಎಲ್ಲೋ ಓದಿಕೊಂಡಿದ್ದೆ. ಆ ರಿಯಾಯಿತಿ ಫ್ಲ್ಯಾಟು ಮೊದಲ ಸಲ ಮಾರಾಟ ಆಗುವಾಗ ಮಾತ್ರ. ಎರಡನೇ ಕೈಗೆ ಪೂರ್ತಿ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2. ಒಟ್ಟು 7.6. ಅಂದರೆ 42 ಲಕ್ಷಕ್ಕೆ 3 ಲಕ್ಷ 19 ಸಾವಿರ. ಹೊಸದಕ್ಕೆ ಕಟ್ಟಬೇಕಾದ ಜಿಎಸ್‌ಟಿ ಇದಕ್ಕಿಲ್ಲ, ಅದೊಂದು ಸಮಾಧಾನ.

ಬ್ಯಾಂಕು ಈ ನೋಂದಣಿ ಖರ್ಚನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 30 ಲಕ್ಷ ದಾಟಿದ ಸಾಲ ಅಂದರೆ ಮನೆ ಬೆಲೆಯ ಶೇಕಡಾ 80ರವರೆಗೆ ಮಾತ್ರ. ಉಳಿದ 8 ಲಕ್ಷ 40 ಸಾವಿರ ಕೈಯಿಂದ. ನೋಂದಣಿ, ಬ್ರೋಕರ್ ಕಮಿಷನ್ ಸೇರಿಸಿದರೆ ಹನ್ನೆರಡು ಲಕ್ಷ ಮೇಜಿನ ಮೇಲೆ ಇಡಬೇಕು. ಆಮೇಲೆ ಶೇಕಡಾ 8ರ ಬಡ್ಡಿ ಹಿಡಿದರೂ 20 ವರ್ಷ ತಿಂಗಳಿಗೆ 28 ಸಾವಿರದ ಕಂತು. ಇದೇ ಕಟ್ಟಡದಲ್ಲಿ ಇದೇ ಅಳತೆಯ ಮನೆಗೆ ಎದುರುಮನೆಯವರು ಕೊಡುತ್ತಿರುವ ಬಾಡಿಗೆ 13 ಸಾವಿರ. ಈ ವ್ಯತ್ಯಾಸ ನೋಡಿ ನನ್ನ ತಮ್ಮ ಕೊಳ್ಳಲೇಬೇಡ ಅಂದ. ಅವನದು ತಪ್ಪಲ್ಲ. ಆದರೆ ಅವನು ಹನ್ನೊಂದು ವರ್ಷದಲ್ಲಿ ಐದು ಸಲ ಗ್ಯಾಸ್ ಒಲೆ ಬಿಚ್ಚಿ ಕಟ್ಟಿಲ್ಲ. ನಾನು ಮಾಡಿದ್ದೇನೆ.

ಕಾಗದಪತ್ರದ ಕಡೆ ಬಂದರೆ, ಇ.ಸಿ. ತೆಗೆಸಿದೆ, ಅಂದರೆ ಋಣಭಾರ ಪತ್ರ. ಫಾರಂ 15 ಬಂತು, ಅಂದರೆ ವಹಿವಾಟು ನಡೆದಿದೆ ಅಂತ. ಮಾಲೀಕರ ಬ್ಯಾಂಕ್ ಸಾಲ ಇನ್ನೂ ಬಾಕಿ ಇದೆ. ಅದನ್ನು ಅವರೇ ಮೊದಲು ಹೇಳಿದ್ದರು, ಆ ಮಾತಿಗೆ ಅವರ ಮೇಲೆ ಗೌರವ ಬಂತು. ಮಗನ ಹತ್ತಿರ ಮೈಸೂರಿಗೆ ಹೋಗುತ್ತಿದ್ದಾರೆ. ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆ, ಇದೆ. ಅದಿಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಬರುವ ಮೊದಲೇ 2015ರಲ್ಲಿ ಕಟ್ಟಡ ಮುಗಿದದ್ದರಿಂದ ಅದರ ನಂಬರ್ ಇಲ್ಲ. ಹಾಗಾಗಿ ನಕ್ಷೆ ಮಂಜೂರಾತಿ, ಭೂಪರಿವರ್ತನೆ ಆದೇಶ, ಮೂಲ ಕ್ರಯಪತ್ರ ಎಲ್ಲ ನಾವೇ ಒಂದೊಂದಾಗಿ ಕೇಳಿ ವಕೀಲರಿಗೆ ಕೊಟ್ಟೆವು.

ಒಂದು ಕೆಲಸ ಮಾತ್ರ ನೀವೂ ಮಾಡಿ. ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತು ನೋಡಿ. ನಿಂತ ನೆಲದ ಸರ್ವೆ ನಂಬರ್ ತೋರಿಸುತ್ತದೆ. ನಾನು ಪಾರ್ಕಿಂಗಿನ ನಾಲ್ಕು ಮೂಲೆಯಲ್ಲೂ ನಿಂತೆ. ಹಿಂದಿನ ಮೂಲೆಗೆ ಹೋದಾಗ ಹಳ್ಳದ ಗೆರೆ ಎಷ್ಟು ಹತ್ತಿರ ಬಂತೆಂದರೆ ಎದೆ ಧಸಕ್ಕೆಂದಿತು. ಹಳ್ಳ, ದಾರಿ ಇವೆಲ್ಲ ಬಿ ಖರಾಬು, ಸಾರ್ವಜನಿಕರದ್ದು. ಅದರ ಮೇಲೆ ಕಟ್ಟಿದರೆ ಖಾತೆ ಇದ್ದರೂ ಉಳಿಗಾಲ ಇಲ್ಲ. ಮೊಬೈಲ್ ಚುಕ್ಕಿ ಆ ಕಡೆ ಈ ಕಡೆ ಜರುಗುತ್ತೆ ಅಂತ ಗೊತ್ತು. ಅದಕ್ಕೆ ಗ್ರಾಮನಕ್ಷೆ ತೆಗೆಸಿ, ಸರ್ವೆಯವರನ್ನು ಕರೆಸಿ ಅಳೆಸಿದೆ. ಕಾಂಪೌಂಡು ಒಳಗೇ ಇದೆ. ಆ ಖರ್ಚು ದಂಡ ಅಂತ ನನಗೆ ಒಂದು ಕ್ಷಣವೂ ಅನಿಸಲಿಲ್ಲ.

ಐದನೇ ಸಲ ಹೋದದ್ದು ರಾತ್ರಿ ಹನ್ನೊಂದೂವರೆಗೆ. ಸಂಜೆಯಿಂದ ಹಿಂಗಾರು ಮಳೆ ಹೊಡೆಯುತ್ತಿತ್ತು. ಹೆಂಡತಿ ನಿಮಗೆ ತಲೆ ಕೆಟ್ಟಿದೆ ಅಂದಳು. ಆಮೇಲೆ ಅವಳೇ ಛತ್ರಿ ತಂದುಕೊಟ್ಟಳು.

ಈ ದೃಶ್ಯ ಸ್ವಲ್ಪ ಅಲುಗಾಡುತ್ತಿದೆ, ಕ್ಷಮಿಸಿ. ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ಛತ್ರಿ. ಹಳ್ಳ ತುಂಬಿ ಹರಿಯುತ್ತಿತ್ತು. ರಸ್ತೆಗೆ ಮೋರಿ ಇರುವ ಕಡೆ ನೀರು ಸುತ್ತಿ ಸುತ್ತಿ ಮೇಲೇರುತ್ತಿತ್ತು. ಕಾಂಪೌಂಡಿನ ಗೇಟಿಗೆ ಇನ್ನೊಂದು ಗೇಣು. ವಾಚ್‌ಮನ್ ಅಣ್ಣ ಜನರೇಟರ್ ಹಿಂದಿನಿಂದ ಉದ್ದದ ಬಿದಿರು ಗಳ ತಂದರು. ಪಂಚೆ ಮೇಲೆ ಕಟ್ಟಿ, ಮೋರಿ ಬಾಯಿಗೆ ಗಳ ತೂರಿಸಿ ತಿರುವಿದರು. ಮೊದಲು ಒಂದು ಸಿಮೆಂಟ್ ಚೀಲ ಬಂತು. ಆಮೇಲೆ ಎಳನೀರು ಬುರುಡೆಗಳು, ಎಂಟೋ ಹತ್ತೋ. ಕೊನೆಗೆ ಒಂದು ಹಳೇ ದಿಂಬು. ದಿಂಬು ಈಚೆ ಬಂದದ್ದೇ ತಡ, ಗೊಳಕ್ ಅಂತ ಶಬ್ದ ಬಂತು. ಎರಡು ನಿಮಿಷದಲ್ಲಿ ನೀರು ಮೊಣಕಾಲಿನಷ್ಟು ಇಳಿಯಿತು.

2022ರಲ್ಲಿ ನೀವಿರಲಿಲ್ವಾ ಅಂತ ಕೇಳಿದೆ. ಆವತ್ತು ಊರಿಗೆ ಹೋಗಿದ್ದೆ ಸಾರ್ ಅಂದರು.

42 ಲಕ್ಷದ ಮನೆ ಒಂದು ಬಿದಿರು ಗಳದ ಮೇಲೆ ನಿಂತಿದೆ. ಆ ಗಳ ಹಿಡಿದವರಿಗೆ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ಎರಡು ತಿಂಗಳ ಸಂಬಳ ಬಾಕಿ ಇಟ್ಟಿದೆ. ಅದು ನನಗೆ ಅವತ್ತು ರಾತ್ರಿ ಗೊತ್ತಾಯಿತು. ಹದಿನೆಂಟು ಮನೆಯಲ್ಲಿ ಐದು ಮನೆಯವರು ಮೇಂಟೆನೆನ್ಸ್ ಕಟ್ಟುತ್ತಿಲ್ಲ.

ಮರುದಿನ ಮಾಲೀಕರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. 38 ಲಕ್ಷದ 50 ಸಾವಿರ ಕೊಡುತ್ತೇನೆ. ಅಡ್ವಾನ್ಸ್ ಕೊಡುವ ಮೊದಲು ಕರೆಂಟ್ ಪ್ಯಾನೆಲ್ಲನ್ನು ನಾಲ್ಕಡಿ ಮೇಲೆತ್ತಿ ಕೂರಿಸಲು ಸಂಘ ಒಪ್ಪಬೇಕು, ಮೋರಿ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಬೇಕು. ಅವರು ಸ್ವಲ್ಪ ಹೊತ್ತು ಸುಮ್ನಿದ್ದರು. 40ಕ್ಕೆ ಕಡಿಮೆ ಆಗಲ್ಲ, ಜಾಲರಿ ವಿಷಯ ನಾನೂ ನಾಲ್ಕು ವರ್ಷದಿಂದ ಹೇಳ್ತಿದ್ದೀನಿ ಅಂದರು.

ಬರೋ ಭಾನುವಾರ ಹತ್ತು ಗಂಟೆಗೆ ಸಂಘದ ಮೀಟಿಂಗ್ ಇದೆ. ಇನ್ನೂ ಮನೆ ಕೊಳ್ಳದವನನ್ನು ಕೂರಿಸಿಕೊಳ್ಳಲು ಸೆಕ್ರೆಟರಿ ಒಪ್ಪಿದ್ದಾರೆ, ಕ್ಯಾಮೆರಾ ಮಾತ್ರ ತರಬೇಡಿ ಅಂದಿದ್ದಾರೆ. ಅಮ್ಮ ನಾನೂ ಬರ್ತೀನಿ ಅಂತ ಕೂತಿದ್ದಾರೆ.